ಕಡಮತ್ ದ್ವೀಪದಲ್ಲಿ ನಾಲ್ಕು ದಿನ

ವಾರ್ಷಿಕ ಸಂಚಿಕೆಗೆ ಒಂದು ಪ್ರವಾಸ ಲೇಖನ ಬೇಕೇ ಬೇಕೆಂದು ಸಂಪಾದಕ ಮಂಡಲಿಯ ಮಕ್ಕಳು ಈ ಸಲ ಪಟ್ಟು ಹಿಡಿದರು. ನಾವು ದೇಶ ವಿದೇಶಗಳನ್ನು ಸುತ್ತಿದವರಲ್ಲ. ಹೋದ ಸ್ಥಳಗಳಲ್ಲಿ ಅತಿ ದೂರದ್ದೆಂದರೆ 2018ನೆಯ ಇಸವಿ ಜನವರಿಯಲ್ಲಿ ಮನೆಮಂದಿಯೆಲ್ಲ ಸೇರಿ ಹೋಗಿಬಂದ ಲಕ್ಷದ್ವೀಪದ ಕಡಮತ್. ಅದನ್ನೂ ದೂರವೆಂದರೆ ನಮ್ಮ ತಂದೆಯವರು ಒಪ್ಪುತ್ತಿರಲಿಲ್ಲ. "ಅದೇನು ದೂರ? ನಮ್ಮದೇ ಜಿಲ್ಲೆಯಲ್ಲವೇ?" ಎನ್ನುತ್ತಿದ್ದರು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಕ್ಷದ್ವೀಪದ ಉತ್ತರ ಭಾಗದಲ್ಲಿರುವ ಅಮೀನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ದ್ವೀಪಗಳಿಗೆ ಹಿಂದೆ ಅಮೀನ್‌ದೀವಿ ದ್ವೀಪಗಳೆಂದು ಹೆಸರು. ಟಿಪ್ಪುವಿನ ಕೈಯಲ್ಲಿದ್ದ ಇವು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಂಪಣಿಯವರಿಗೆ ಸೇರಿ, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಬಂದವು. 1956ನೆಯ ನವೆಂಬರ್ 1ರ ತನಕ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ನಮ್ಮ ಕಾಸರಗೋಡು ತಾಲೂಕಿನಂತೆಯೇ. ಆ ಒಂದು ದಿನ ಜಿಲ್ಲೆ ಮೂರು ಪಾಲಾಯಿತು. ಮಂಗಳೂರು ಕಡೆಯ ಭಾಗ ಮೈಸೂರು ರಾಜ್ಯಕ್ಕೆ, ನಾವು ಕೇರಳಕ್ಕೆ, ದ್ವೀಪಗಳು ಕೇಂದ್ರ ಸರಕಾರಕ್ಕೆ. ನಮ್ಮ ಪಾಲಿನ ಮಾತನ್ನು ನಾವು ಸಭೆಗಳಲ್ಲಿ, ಭಾಷಣಗಳಲ್ಲಿ ಎಷ್ಟೋ ಸಲ ಆಡಿದ್ದೇವೆ. ಮೂರನೆಯ ಪಾಲೊಂದು ಕಡಲ ನಡುವೆ ಇದೆಯೆಂಬುದು, ನಿಜ ಹೇಳಬೇಕೆಂದರೆ, ನಮಗೆ ನೆನಪೇ ಇರಲಿಲ್ಲ.

ತಂದೆಯವರಿಗೆ ನೆನಪಿತ್ತು. ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಅವರು ಮಂಗಳೂರು ಬಂದರಿನ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮಳೆಗಾಲ ಕಳೆದು ಕಡಲು ಶಾಂತವಾದೊಡನೆ ದ್ವೀಪದ ಮಂಜಿಗಳು ಬರುತ್ತಿದ್ದುವಂತೆ. ತೆಂಗಿನ ನಾರಿನ ಹುರಿ, ಕೊಬ್ಬರಿ, ಬೆಲ್ಲ ಇಳಿಸಿ ಅಕ್ಕಿ, ಬಟ್ಟೆ, ಸಾಮಾನು ತುಂಬಿಕೊಂಡು ಹೋಗುತ್ತಿದ್ದುವು. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ. ಮಂಗಳೂರಿನ ಅಕ್ಕಿ ಹೋಗದಿದ್ದರೆ ಅಲ್ಲಿ ಒಲೆ ಉರಿಯುವಂತಿರಲಿಲ್ಲ. ಮಂಜಿಯಲ್ಲಿ ಬರುತ್ತಿದ್ದ ತಮ್ಮ ಓರಗೆಯ ಒಬ್ಬ ಹುಡುಗನ ವಿಷಯ ಆಗಾಗ ಹೇಳುತ್ತಿದ್ದರು. ನಾವು ಹೂಂಗುಟ್ಟುತ್ತಿದ್ದೆವು, ಕಿವಿಗೊಟ್ಟು ಕೇಳಿದ್ದು ಕಡಿಮೆ.

ಹೀಗಿರುವಾಗ ಕಡಮತ್ತಿನಲ್ಲಿ ಸಂಸಾರ ಸಮೇತ ಉಳಿದುಕೊಳ್ಳಲು ಕಡಲತೀರದ ರೆಸಾರ್ಟು ಇದೆ, ಹಡಗಿನ ಟಿಕೇಟು, ಊಟ, ವಸತಿ ಎಲ್ಲ ಒಟ್ಟಿಗೆ ಸಿಗುತ್ತದೆ ಎಂದು ತಿಳಿದುಬಂತು. ಮಗ ಎಂಟನೆಯ ತರಗತಿ, ಮಗಳು ನಾಲ್ಕನೆಯದು. ಅವರಿಗೆ ಈಜುವ ಆಸೆ. ದ್ವೀಪಕ್ಕೆ ಕಾಲಿಡಬೇಕಾದರೆ ಪರವಾನಗಿ ಬೇಕು. ಅರ್ಜಿ, ಭಾವಚಿತ್ರ, ಪೋಲೀಸರ ಪತ್ರ ಎಂದು ಎರಡು ತಿಂಗಳು ಓಡಾಡಿದೆವು. ತಂದೆಯವರನ್ನು ಬಿಟ್ಟು ಹೋಗುವುದೆಂದು ನಮ್ಮ ಲೆಕ್ಕಾಚಾರ. ಅವರು ಮಾತಾಡಲಿಲ್ಲ. ತಮ್ಮ ಭಾವಚಿತ್ರವನ್ನೂ ತಂದು ಮೇಜಿನ ಮೇಲಿಟ್ಟರು, ಅಷ್ಟೆ.

ಕೊಚ್ಚಿಯಿಂದ ಹಡಗು. ದೂರ ಸುಮಾರು 400 ಕಿಲೋಮೀಟರು. ಒಂದು ರಾತ್ರಿಯ ಪ್ರಯಾಣದಲ್ಲಿ ವಾಂತಿ ಮಾಡದೆ ಉಳಿದವರು ನಮ್ಮೈವರಲ್ಲಿ ತಂದೆಯವರೊಬ್ಬರೇ. ಬೆಳಗಾದಾಗ ನೀಲಿ ನೀರಿನ ಮೇಲೆ ಒಂದು ಹಸುರು ಗೆರೆ ಕಂಡಿತು, ತೆಂಗಿನ ತೋಟವೊಂದು ತೇಲಿಬಂದ ಹಾಗೆ. ನಾವು ಹೋದ ದಿನ ಹಡಗು ದಂಡೆಗೆ ಹೋಗದೆ ಆಳದಲ್ಲೇ ನಿಂತಿತು. ಹಡಗಿನ ಹೊಟ್ಟೆಯ ಬಾಗಿಲಿನಿಂದ ಕೆಳಗಿನ ದೋಣಿಗೆ ಇಳಿಯಬೇಕು. ದೋಣಿಯೋ ತೆರೆಯೊಂದಿಗೆ ಆಳೆತ್ತರ ಏರುತ್ತದೆ, ಮರುಕ್ಷಣ ಕುಸಿಯುತ್ತದೆ. ದೋಣಿ ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಹೆಜ್ಜೆ ಇಡಬೇಕು. ತಡಮಾಡಿದರೆ ನಡುವೆ ಕಡಲು. ಎಪ್ಪತ್ತೇಳರ ತಂದೆಯವರನ್ನು ಕರೆತಂದದ್ದು ಮಹಾಪರಾಧವೆಂದು ಆಗ ನಮಗೆ ತೋರಿತು. ಮಗಳು ಅಳುವುದಕ್ಕೆ ಶುರುಮಾಡಿದಳು. ಇಬ್ಬರು ನಾವಿಕರು ಅವರ ಎರಡೂ ರಟ್ಟೆ ಹಿಡಿದು, "ಈಗ!" ಎಂದೊಡನೆ ಮೂಟೆಯಂತೆ ಎತ್ತಿ ದೋಣಿಯವರ ಕೈಗೆ ದಾಟಿಸಿಬಿಟ್ಟರು. ಕೂತಲ್ಲಿಂದ ತಂದೆಯವರು ಮೊಮ್ಮಗಳಿಗೆ ಹೇಳಿದರು: "ಅಳಬೇಡ ಮಗಾ, ಅಕ್ಕಿಮೂಟೆ ಇಳಿಸುವುದೂ ಹೀಗೆಯೇ."

ಕಡಮತ್ತಿನ ಉದ್ದ ಸುಮಾರು ಒಂಬತ್ತು ಕಿಲೋಮೀಟರು. ಅಗಲ ಅತಿ ಹೆಚ್ಚಿದ್ದಲ್ಲಿಯೂ ಅರ್ಧ ಕಿಲೋಮೀಟರಿಗೆ ತುಸು ಮೇಲೆ. ಬೆಳಿಗ್ಗೆ ಒಂದು ದಂಡೆಯಲ್ಲಿ ಸೂರ್ಯೋದಯ ನೋಡಿ, ಸಂಜೆ ನಾಲ್ಕು ಹೆಜ್ಜೆ ನಡೆದು ಇನ್ನೊಂದು ದಂಡೆಯಲ್ಲಿ ಅಸ್ತಮಾನ ನೋಡಬಹುದು. ಗುಡ್ಡವಿಲ್ಲ, ಹೊಳೆಯಿಲ್ಲ. ನಾಯಿಯಿಲ್ಲ, ಹಾವಿಲ್ಲ ಎಂದು ಕೇಳಿದ ಮೇಲೆ ಮನೆಯವರಿಗೆ ಅರ್ಧ ಧೈರ್ಯ ಬಂತು. ಮದ್ಯಪಾನಕ್ಕೆ ನಿಷೇಧವಿದೆ ಎಂದು ತಿಳಿದ ಮೇಲೆ ಉಳಿದರ್ಧವೂ ಬಂತು. ರೆಸಾರ್ಟೆಂದರೆ ಏನೋ ದೊಡ್ಡದೆಂದು ಅಂಜಿದ್ದೆವು. ತೆಂಗಿನ ಮರಗಳ ಅಡಿಯಲ್ಲಿ ಸಾಲು ಕುಟೀರಗಳು, ಬಾಗಿಲು ತೆರೆದರೆ ಸುಣ್ಣದಂತೆ ಬಿಳಿಯ ಮರಳು, ಅದರಾಚೆ ಹವಳದ ದಿಬ್ಬ ಅಡ್ಡಗಟ್ಟಿದ ತಿಳಿನೀರು. ಹೊರಗಿನ ಕಡಲಿನ ತೆರೆಯೆಲ್ಲ ಆ ದಿಬ್ಬಕ್ಕೆ ಬಡಿದು ಒಡೆಯುವುದರಿಂದ ಒಳಗಿನ ನೀರು ಕೆರೆಯಂತೆ ನಿಂತಿರುತ್ತದೆ. ನಮ್ಮೂರ ಕಡಲಿಗೆ ಮಕ್ಕಳನ್ನು ಇಳಿಸಲು ನಾವು ಹೆದರುತ್ತೇವೆ. ಇಲ್ಲಿ ಸೊಂಟದ ನೀರಿನಲ್ಲಿ ಇಡೀ ದಿನ ಬಿಟ್ಟರೂ ಚಿಂತೆಯಿಲ್ಲ. ಊಟಕ್ಕೆ ಅನ್ನ ಮತ್ತು ಮೀನು, ಮತ್ತೆ ಮೀನು. ಸಸ್ಯಾಹಾರಿಗಳಾದ ನಮಗೆ ಅಡಿಗೆಯವನು ಮೂರು ಹೊತ್ತೂ ತೆಂಗಿನಕಾಯಿಯಲ್ಲೇ ಏನೇನೋ ಮಾಡಿ ಬಡಿಸಿದ. ಅವನ ಶ್ರಮ ಕಂಡು ನಾಚಿಕೆಯಾಯಿತು.

ಗಾಜಿನ ತಳದ ದೋಣಿಯಲ್ಲಿ ಕುಳಿತು ಹವಳ ನೋಡುವ ಏರ್ಪಾಡಿತ್ತು. ಗಿಣಿಯಂತೆ ಕೊಕ್ಕುಳ್ಳ ಬಣ್ಣದ ಮೀನುಗಳು ಹವಳವನ್ನು ಕಟಕಟನೆ ಕಡಿಯುವುದನ್ನು ಕಂಡೆವು. ಅವು ತಿಂದು ಹೊರಹಾಕಿದ ಪುಡಿಯೂ ಈ ಬಿಳಿಮರಳಿನ ಒಂದು ಅಂಶವೆಂದು ದೋಣಿಯವ ಹೇಳಿದಾಗ, ಆ ಮರಳಿನಲ್ಲಿ ಮನೆ ಕಟ್ಟಿ ಆಡಿದ್ದ ಮಗಳು ಮುಖ ಹುಳಿ ಮಾಡಿದಳು. ಆದರೆ ಎಷ್ಟೋ ಕಡೆ ಹವಳ ಬೂದುಬಣ್ಣಕ್ಕೆ ತಿರುಗಿ, ಸುಟ್ಟ ಗಿಡಗಂಟಿಯಂತೆ ಮುರಿದು ಬಿದ್ದಿತ್ತು. ಹವಳವೆಂಬುದು ಕಲ್ಲಲ್ಲ, ಸಣ್ಣ ಜೀವಿಗಳ ಸಂಸಾರ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಮಾಡಿ ಅದಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ಕಡಲಿನ ನೀರು ಒಂದೆರಡು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ನೂಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಮಗ ಒಂದು ಸತ್ತ ಹವಳದ ತುಂಡನ್ನು ಕಿಸೆಯಲ್ಲಿಟ್ಟುಕೊಂಡಿದ್ದ. ಕಾನೂನಿನ ಪ್ರಕಾರ ಒಯ್ಯುವಂತಿಲ್ಲವೆಂದು ದೋಣಿಯವ ನಯವಾಗಿ ಕೈ ಚಾಚಿ ಅದನ್ನು ತೆಗೆದುಕೊಂಡು ನೀರಿಗೆ ಬಿಟ್ಟ.

ನೀರಿನ ವಿಷಯದಲ್ಲೂ ಮಗನಿಗೊಂದು ಪಾಠವಾಯಿತು. ಕಡಲಿನಿಂದ ಬಂದವನು ಉಪ್ಪು ತೊಳೆದುಕೊಳ್ಳುತ್ತ ನಲ್ಲಿಯನ್ನು ತಿರುಗಿಸಿ ಹಾಗೆಯೇ ಬಿಟ್ಟಿದ್ದ. ಕೋಣೆಯ ಕೆಲಸದ ಹುಡುಗ ಏನೂ ಹೇಳದೆ ಬಂದು ನಲ್ಲಿ ನಿಲ್ಲಿಸಿದ. ಆಮೇಲೆ ನಗುತ್ತ ಮಗನ ಹೆಗಲ ಮೇಲೆ ಕೈಯಿಟ್ಟು ಒಂದು ಬಾವಿಯ ಬಳಿಗೆ ಕರೆದೊಯ್ದ. ನಾವೂ ಹಿಂದೆ ಹೋದೆವು. ನಮ್ಮ ಊರಿನ ಬಾವಿಗಳ ಆಳ ನಿಮಗೆ ಗೊತ್ತು. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತರುವವರು ನಾವು. ಅಲ್ಲಿ ಬಗ್ಗಿ ನೋಡಿದರೆ ನೀರು ಕೈಗೆಟಕುವಂತಿದೆ. ಇಷ್ಟು ಧಾರಾಳವಿರುವಾಗ ಜಿಪುಣತನವೇಕೆ ಎನ್ನಿಸಬೇಕು. ಸಂಗತಿ ಬೇರೆಯೇ. ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ, ಅದಕ್ಕಿಂತ ಹಗುರವಾದ್ದರಿಂದ, ತೆಳ್ಳಗೆ ತೇಲುತ್ತಿರುತ್ತದೆ. ಭರತ ಬಂದಾಗ ಬಾವಿಯ ನೀರೂ ತುಸು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಮೇಲಿನ ಸಿಹಿಯನ್ನು ಅತಿಯಾಗಿ ಸೆಳೆದರೆ ಅಡಿಯ ಉಪ್ಪು ಮೇಲೆದ್ದು ಬರುತ್ತದೆ; ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಎಷ್ಟು ಮಳೆಗಾಲ ಬೇಕೋ. ಆ ದಿನದ ಮೇಲೆ ನಾವೈವರೂ ಒಂದೊಂದು ಬಾಲ್ದಿಯಲ್ಲಿ ಸ್ನಾನ ಮುಗಿಸಿದೆವು.

ಮೂರನೆಯ ದಿನ ಬೆಳಿಗ್ಗೆ ತಂದೆಯವರು ತಮ್ಮ ಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಒಂದು ಡಜನ್ ಹಸುರು ಗಾಜಿನ ಬಳೆ. ಕಾಸರಗೋಡಿನ ಪೇಟೆಯಲ್ಲಿ ನಮಗೆ ತಿಳಿಯದಂತೆ ಕೊಂಡದ್ದು. ಆಗಷ್ಟೇ ನಾವು ಪೂರ್ತಿ ಕಥೆ ಕೇಳಿದ್ದು. 1956ರ ಎಪ್ರಿಲಿನಲ್ಲಿ ಆ ದ್ವೀಪದ ಹುಡುಗ ಇವರ ಕೈಯಲ್ಲಿ ಎಂಟಾಣೆ ಕೊಟ್ಟು, ತನ್ನ ತಂಗಿಗೆ ಪೇಟೆಯಿಂದ ಬಳೆ ತಂದುಕೊಡೆಂದು ಹೇಳಿದ್ದನಂತೆ. ಅಂಗಡಿಯ ಕೆಲಸ ಮುಗಿಸಿ ಇವರು ಪೇಟೆಗೆ ಹೋಗಿ ಬರುವಷ್ಟರಲ್ಲಿ, ಗಾಳಿ ಸರಿಯಾಗಿದೆಯೆಂದು ಮಂಜಿ ಹೊರಟುಹೋಗಿತ್ತು. ಮಳೆಗಾಲ ಕಳೆದ ಮೇಲೆ ಕೊಡೋಣವೆಂದರೆ ಆಟಿಯಲ್ಲಿ ಇವರಿಗೆ ಜ್ವರ ಹಿಡಿದು ಊರಿಗೆ ಮರಳಿದರು. ಮತ್ತೆ ಬಂದರಿಗೆ ಹೋಗಲಿಲ್ಲ. ಆ ಬಳೆಗಳು ಏನಾದವೆಂದು ಕೇಳಿದೆವು. "ನಿಮ್ಮ ಅತ್ತೆ ಹಾಕಿಕೊಂಡು ಒಡೆದಳು," ಎಂದು ಬಲು ಸಿಟ್ಟಿನಿಂದ ಹೇಳಿದರು, ಆ ಅಪರಾಧ ನಿನ್ನೆ ನಡೆದಂತೆ!

ಅಡಿಗೆಯವನ ಜೊತೆಯಲ್ಲಿ ರಿಕ್ಷಾ ಮಾಡಿಕೊಂಡು ಊರೊಳಗೆ ಹೋದೆವು. ತಂದೆಯವರಿಗೆ ಗೊತ್ತಿದ್ದದ್ದು ಹುಡುಗನ ಹೆಸರೊಂದೇ. ಆ ಹೆಸರಿನವರು ಆ ದ್ವೀಪದಲ್ಲಿ ಎಣಿಸಲಾರದಷ್ಟು. ಮಸೀದಿಯ ಪಕ್ಕದಲ್ಲಿ ಕುಳಿತಿದ್ದ ಒಬ್ಬ ವೃದ್ಧರು, "ಮನೆಯ ಹೆಸರೇನು?" ಎಂದು ಕೇಳಿದರು. ಅಲ್ಲಿ ತಾಯಿಯ ಕಡೆಯಿಂದ ಬರುವ ಮನೆಹೆಸರೇ ಗುರುತು. ಮನುಷ್ಯನ ಹೆಸರು ಆಮೇಲೆ. ತಂದೆಯವರಿಗೆ ಮನೆಹೆಸರು ಗೊತ್ತಿಲ್ಲ. "ಅದನ್ನು ಕೇಳಿಟ್ಟುಕೊಳ್ಳಬೇಕಿತ್ತು," ಎಂದರು ವೃದ್ಧರು. ತಂದೆಯವರು ತಪ್ಪು ಮಾಡಿದ ವಿದ್ಯಾರ್ಥಿಯಂತೆ ನಿಂತಿದ್ದರು. ನಾವು ಮಂಗಳೂರು ಕಡೆಯವರೆಂದು ತಿಳಿದಾಗ ಆ ವೃದ್ಧರ ಮುಖ ಅರಳಿತು. ತುಳುವಿನಲ್ಲಿ, "ಒಣಸ್ ಆಂಡಾ?" ಎಂದು ಕೇಳಿದರು. ಬಂದರಿನಲ್ಲಿ ಕಲಿತದ್ದು ಅಷ್ಟೇ ಉಳಿದಿದೆಯಂತೆ. ಊಟವಾಯಿತೇ ಎಂಬ ಒಂದು ಮಾತು.

ಮೂರು ಮನೆ ಸುತ್ತಿದೆವು. ಒಂದು ಮನೆಯಲ್ಲಿ ಆ ಹೆಸರಿನವನು ಮಂಗಳೂರಿಗೆ ಹೋದವನೇ ಅಲ್ಲ. ಇನ್ನೊಂದರಲ್ಲಿ ಹೋದವನು ಹೌದು, ಆದರೆ ತಂಗಿಯಿಲ್ಲ. ಮೂರನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ನಾರು ಬಿಡಿಸುತ್ತ ಕುಳಿತಿದ್ದರು. ಅಣ್ಣ ತೀರಿಹೋಗಿ ಬಹಳ ವರ್ಷಗಳಾದವು, ಮಂಜಿಯಲ್ಲಿ ಹೋಗುತ್ತಿದ್ದದ್ದು ನಿಜ ಎಂದರು. ತಂದೆಯವರು ತಮ್ಮ ಹಳೆಯ ಮಲೆಯಾಳದಲ್ಲಿ ತಡವರಿಸುತ್ತ ಎಂಟಾಣೆಯ ವಿಷಯ ಹೇಳಿದರು. ಆಕೆ ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಬಳೆಯ ನೆನಪಿಲ್ಲ ಎಂದರು. ಆ ಕಾಲದಲ್ಲಿ ದ್ವೀಪದ ಹೆಣ್ಣುಮಕ್ಕಳೆಲ್ಲರೂ ಮಂಗಳೂರಿನಿಂದ ಏನಾದರೊಂದು ಬರಲಿಕ್ಕಿದೆಯೆಂದು ಕಾಯುತ್ತಲೇ ಇರುತ್ತಿದ್ದರು, ಯಾರು ಏನು ಕಾದರೆಂದು ಹೇಗೆ ಹೇಳುವುದು?

ತಂದೆಯವರು ಪೊಟ್ಟಣವನ್ನು ಜಗಲಿಯ ಮೇಲಿಟ್ಟರು. ಆಕೆ ಬಿಚ್ಚಿ ಒಂದು ಬಳೆಯನ್ನು ಕೈಗೆ ತೂರಿಸಲು ನೋಡಿದರು. ಬೆರಳುಗಳ ಬುಡಕ್ಕೇ ನಿಂತಿತು. ನಮ್ಮ ತಂದೆಯವರು ಎಂಟು ವರ್ಷದ ಹುಡುಗಿಯ ಅಳತೆಯ ಬಳೆ ಕೊಂಡಿದ್ದರು. ಆಕೆಗೆ ನಗು ಬಂದು, ಕಣ್ಣೊರಸಿಕೊಳ್ಳುವಷ್ಟು ನಕ್ಕರು. ಒಳಗಿನಿಂದ ಮರಿಮಗಳನ್ನು ಕೂಗಿ ಕರೆದರು. ಅವಳ ಕೈಗೆ ಸರಿಯಾಯಿತು. ಎರಡೂ ಕೈಗೆ ಆರಾರು ತೊಟ್ಟು ಅವಳು ನಮ್ಮ ಮಗಳ ಮುಂದೆ ಕುಲುಕಿಸಿ ತೋರಿಸಿದಳು. ಆಕೆಯೇ ಆ ತಂಗಿಯೋ ಅಲ್ಲವೋ, ನಾವಾಗಲಿ ತಂದೆಯವರಾಗಲಿ ಮತ್ತೆ ಕೇಳಲಿಲ್ಲ. ಹೊರಡುವಾಗ ಒಂದು ಸೀಸೆ ತುಂಬ ತೆಂಗಿನ ಕಳ್ಳಿನ ಪಾನಕದಂಥ ಬೆಲ್ಲ ಕೊಟ್ಟರು.

ಮರಳುವ ಹಡಗಿನಲ್ಲಿ ತಂದೆಯವರು ಡೆಕ್ಕಿನ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು, "ಎಂಟಾಣೆಗೆ ನೂರಕ್ಕೆ ಆರರಂತೆ 62 ವರ್ಷಕ್ಕೆ ಬಡ್ಡಿ ಎಷ್ಟಾಗುತ್ತದೆ, ಹಾಕು," ಎಂದರು.

"ಸರಳಬಡ್ಡಿಯೋ ಚಕ್ರಬಡ್ಡಿಯೋ, ಅಜ್ಜಾ?"

"ಸರಳವೇ ಸಾಕು. ಚಕ್ರಬಡ್ಡಿ ಕೇಳುವಂಥ ಹುಡುಗನಲ್ಲ ಅವನು."

ಮಗ ಬೆರಳು ಮಡಚಿ ಲೆಕ್ಕ ಹಾಕಿದ. ಅಸಲು ಸೇರಿ ಎರಡು ರೂಪಾಯಿ ಮೂವತ್ತಾರು ಪೈಸೆ. ತಂದೆಯವರು ಸೀಸೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, "ಬಳೆಗೆ ನಲ್ವತ್ತು ಕೊಟ್ಟಿದ್ದೇನೆ," ಎಂದರು.