ಚಿಕ್ಕಪೇಟೆ ಬಿಟ್ಟು ಎಲ್ಲಿಗೆ?

ಚಿಕ್ಕಪೇಟೆ ಎಂದೊಡನೆ ಕನ್ನಡ ನಾಡಿನ ಗೃಹಿಣಿಯರ ಕಣ್ಣ ಮುಂದೆ ಬಂದು ನಿಲ್ಲುವುದು ರೇಷ್ಮೆ ಸೀರೆ. ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ತುಮಕೂರು, ಕೋಲಾರ, ಹಾಸನಗಳಿಂದ ಸಂಸಾರ ಸಮೇತ ಬಂದಿಳಿಯುವ ಜನ, ಮೆತ್ತೆಯ ಮೇಲೆ ಕಾಲು ಮಡಿಸಿ ಕುಳಿತು, ನೂರು ಸೀರೆ ಬಿಚ್ಚಿಸಿ ನೋಡಿ, ಕೊನೆಗೆ ಮೊದಲು ನೋಡಿದ್ದನ್ನೇ ಕೊಂಡು ಹೋಗುತ್ತಾರೆ. ಆ ಅಂಗಡಿಗಳ ಬೆನ್ನಿಗೆ ಅಂಟಿಕೊಂಡು ಮನೆಗಳೂ ಇವೆ, ಅಲ್ಲಿ ಬೆಳಗಾಗೆದ್ದು ರಂಗೋಲಿ ಇಡುವವರಿದ್ದಾರೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಹೊಳೆಯಬೇಕೆಂದು ನಾವು ಬಯಸುವಂತೆಯೂ ಇಲ್ಲ. ಅಂಥ ಮನೆಗಳು ಈಗ ಉಳಿದಿರುವುದೇ ಅಲ್ಲೊಂದು ಇಲ್ಲೊಂದು. ನಮ್ಮದೂ ಅವುಗಳಲ್ಲೊಂದಾಗಿತ್ತು.

ಆ ಮನೆಯನ್ನು ಬಿಡಬೇಕೆಂಬುದು ಒಂದೇ ರಾತ್ರಿಯಲ್ಲಿ ನಿಶ್ಚಯವಾಯಿತು. ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮಾತ್ರ ಏಳು ತಿಂಗಳ ಕಾಲ ನಮ್ಮನ್ನು ಕಾಡಿತು.

ನಮ್ಮ ಗಲ್ಲಿ ಎಷ್ಟು ಅಗಲವೆಂದರೆ, ಎದುರಿನಿಂದ ಜವಳಿಯ ಮೂಟೆ ಹೊತ್ತ ಹಮಾಲಿ ಬಂದರೆ ನಾವು ಯಾವುದಾದರೊಂದು ಜಗಲಿ ಹತ್ತಿ ದಾರಿ ಬಿಡಬೇಕು. ಹಗಲೆಲ್ಲ ಗದ್ದಲ, ರಾತ್ರಿ ಹತ್ತರ ಮೇಲೆ ಬಾಗಿಲುಗಳನ್ನು ಎಳೆದ ಸದ್ದು ನಿಂತಿತೆಂದರೆ ಪಾಳುಬಿದ್ದ ಕೋಟೆಯಂತೆ ನಿಶ್ಶಬ್ದ. ಅಂಥ ಒಂದು ರಾತ್ರಿ ಎಂಬತ್ತಾರು ವರ್ಷದ ನಮ್ಮ ತಾಯಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬೇಗನೆ ಬಂತು, ಆದರೆ ದೊಡ್ಡ ರಸ್ತೆಯವರೆಗೆ ಮಾತ್ರ. ಮರದ ಕುರ್ಚಿಯೊಂದರಲ್ಲಿ ಅಮ್ಮನನ್ನು ಕೂರಿಸಿ, ನಾನೂ ಗೋದಾಮಿನ ಕಾವಲುಗಾರನೂ ಎತ್ತಿಕೊಂಡು ಗಲ್ಲಿ ದಾಟಿದೆವು. ಮಧ್ಯದಲ್ಲಿ ಯಾರೋ ಕಟ್ಟಿ ನಿಲ್ಲಿಸಿದ್ದ ಕೈಗಾಡಿಯನ್ನು ಬಿಚ್ಚುವುದಕ್ಕೆ ಹಿಡಿದ ಐದು ನಿಮಿಷ ನನ್ನ ಆಯುಷ್ಯದಲ್ಲಿ ಅತ್ಯಂತ ದೀರ್ಘವಾದದ್ದು. ಅಮ್ಮ ಚೇತರಿಸಿಕೊಂಡರು. ಮನೆಗೆ ಹಿಂದಿರುಗಿದ ದಿನವೇ ನನ್ನಾಕೆ ಹೇಳಿದಳು: “ಇನ್ನೊಂದು ಸಲ ಆ ಕೈಗಾಡಿ ಅಲ್ಲಿರುತ್ತದೆ ನೋಡಿ.” ಅದಕ್ಕೆ ಎದುರು ಮಾತಿರಲಿಲ್ಲ.

ನಾನು ನಿವೃತ್ತ ಲೆಕ್ಕಿಗ. ಯಾವುದೇ ಕಷ್ಟ ಬಂದರೂ ಕಾಗದದ ಮೇಲೆ ಒಂದು ಗೆರೆ ಎಳೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆಯುವುದು ನನ್ನ ಅಭ್ಯಾಸ. ಈ ಸಲ ಎಡಕ್ಕೆ ‘ಅಭಿಮಾನ’ ಎಂದೂ ಬಲಕ್ಕೆ ‘ಅನುಕೂಲ’ ಎಂದೂ ಬರೆದೆ. ಎಡಗಡೆ ಕ್ಷಣದಲ್ಲಿ ತುಂಬಿತು. ಚಿಕ್ಕಪೇಟೆಯೂ ದೊಡ್ಡಪೇಟೆಯೂ ಕೂಡುವ ಚೌಕ. 1537ರಲ್ಲಿ ಕೆಂಪೇಗೌಡರು ಊರು ಕಟ್ಟುವಾಗ ಅಲ್ಲಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿದ ಎತ್ತುಗಳನ್ನು ಓಡಿಸಿದರೆಂಬ ಐತಿಹ್ಯ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗಿ, ಪೇಟೆಪೇಟೆಗಳನ್ನು ಸುತ್ತಿ ಬರುವ ಹೂವಿನ ಕರಗ. ಮಲ್ಲಿಗೆಯ ವಾಸನೆ ಕರಗಕ್ಕಿಂತ ಮೊದಲೇ ಬರುತ್ತದೆ. ಇಷ್ಟೆಲ್ಲ ಬರೆದ ಮೇಲೆ ಬಲಗಡೆ ನೋಡಿದರೆ ಖಾಲಿ. ಬಹಳ ಯೋಚಿಸಿ, 2017ರಲ್ಲಿ ತೆರೆದ ಮೆಟ್ರೋ ನಿಲ್ದಾಣವನ್ನು ಬರೆದೆ. ನೆಲದಡಿಯ ಆ ನಿಲ್ದಾಣಕ್ಕೆ ಅಮ್ಮ ಒಮ್ಮೆಯೂ ಇಳಿದವರಲ್ಲ.

ಪೇಟೆ ಬಿಟ್ಟು ಹೋಗುವ ಚರ್ಚೆ ನಮ್ಮ ಮನೆಯಲ್ಲಿ ಇದೇ ಮೊದಲನೆಯದಲ್ಲ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಅದು ಒಮ್ಮೆ ನಡೆದುಹೋಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಗಾಳಿಬೆಳಕಿಲ್ಲದೆ ಒತ್ತೊತ್ತಾಗಿದ್ದ ಪೇಟೆಯ ಮನೆಗಳಲ್ಲಿ, ಧಾನ್ಯದ ಮಂಡಿಗಳಲ್ಲಿ, ಇಲಿಗಳಿಗೇನು ಬರ? ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. 1891ರ ಗಣತಿಯಲ್ಲಿ ಎಂಬತ್ತು ಸಾವಿರದಷ್ಟಿದ್ದ ನಗರದ ಜನಸಂಖ್ಯೆ, ದಂಡು ಪ್ರದೇಶವನ್ನು ಬಿಟ್ಟು, 1901ರಲ್ಲಿ ಎಪ್ಪತ್ತು ಸಾವಿರಕ್ಕಿಂತ ಕಡಮೆಯಾಗಿತ್ತು. ಸತ್ತವರೆಷ್ಟೋ, ಬಿಟ್ಟುಹೋದವರೆಷ್ಟೋ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ ಅದು. ಕೋಟೆಯ ಪಶ್ಚಿಮಕ್ಕೆ ಐದು ನೇರ ಬೀದಿಗಳ ಚಾಮರಾಜಪೇಟೆ 1892ರಲ್ಲಿಯೇ ಹುಟ್ಟಿತ್ತು. ಪ್ಲೇಗಿನ ಪೆಟ್ಟು ಬಿದ್ದ ಮೇಲೆ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಭರದಿಂದ ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ತೆರಪು, ಸಾಲುಮನೆಗಳ ಹಿಂದೆ ಕಸ ತೆಗೆಯುವವರ ಓಡಾಟಕ್ಕೆಂದೇ ಬಿಟ್ಟ ಸಣ್ಣ ಓಣಿ. ಇಂದು ನಾವು ಹಳೆಯ ಬೆಂಗಳೂರು ಎಂದು ಹಾಡಿ ಹೊಗಳುವ ಬಡಾವಣೆಗಳು ಅಂದು ಭೀತಿಯ ಕೂಸುಗಳು.

ನಮ್ಮ ಮುತ್ತಜ್ಜ ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರೂ ಆರು ತಿಂಗಳು ಗುಡಿಸಲಿನಲ್ಲಿದ್ದರಂತೆ. ಬಸವನಗುಡಿಯಲ್ಲಿ ನಿವೇಶನ ತೆಗೆದುಕೊಳ್ಳಿರೆಂದು ಬಂಧುಗಳು ಹೇಳಿದಾಗ, “ಅಲ್ಲಿ ಸಂಜೆಯಾದರೆ ನರಿ ಊಳಿಡುತ್ತವೆ” ಎಂದು ಮುತ್ತಜ್ಜಿ ಬೇಡವೆಂದರಂತೆ. ಮಾರಿ ತೊಲಗಿತು, ಮನೆಗೆ ಸುಣ್ಣ ಬಳಿದು ಮತ್ತೆ ಗಲ್ಲಿಯನ್ನೇ ಸೇರಿದರು. ಇದನ್ನು ನಮ್ಮ ತಂದೆ ಊರಿನ ಮೇಲಣ ಅಭಿಮಾನವೆಂದು ವರ್ಣಿಸುತ್ತಿದ್ದರು. ನನಗೆ ಈಗ ಹಾಗೆನಿಸುವುದಿಲ್ಲ. ಅಂಗಡಿ ಮನೆಯಿಂದ ಮೂವತ್ತು ಹೆಜ್ಜೆ. ಸೊಪ್ಪು ತರಕಾರಿ ಬಾಗಿಲಿಗೆ. ಗುಡಿ, ವೈದ್ಯ, ಕಾಸು ಬೇಕಾದರೆ ಸಾಲ ಕೊಡುವ ಸೇಟು ಎಲ್ಲರೂ ಕೂಗಳತೆಯಲ್ಲಿ. ಮುತ್ತಜ್ಜ ಅಪ್ಪಟ ವ್ಯವಹಾರಸ್ಥರಾಗಿ ಲೆಕ್ಕ ಹಾಕಿಯೇ ಉಳಿದಿರಬೇಕು. ಅವರಿಗೆ ಅನುಕೂಲವಾಗಿದ್ದುದೇ ಮೂರು ತಲೆಮಾರು ಕಳೆದು ನಮಗೆ ಅಭಿಮಾನವಾಗಿತ್ತು.

ಹಾಗಾದರೆ ಅವರು ಬೇಡವೆಂದ ಬಸವನಗುಡಿಗೇ ಈಗ ಹೋದರೇನು? ಒಂದು ಭಾನುವಾರ ಗಾಂಧಿ ಬಜಾರಿನಲ್ಲಿ ಇಳಿದು, 1943ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದ ಮುಂದೆ ಕಾದು, ದೋಸೆ ತಿಂದು, ಬೀದಿಬೀದಿ ಅಲೆದೆವು. ಮರಗಳ ನೆರಳು, ಹೂವಿನ ಅಂಗಡಿ, ಕಾರ್ತೀಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ. ಮನಸ್ಸು ಸೋತಿತು. ಆದರೆ ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಕೆಯಾದ ನಮ್ಮ ಪಾಲಿನ ಹಣಕ್ಕೆ ಅಲ್ಲಿ ನೆಲಮಟ್ಟದ ಮನೆ ಸಿಕ್ಕಲಿಲ್ಲ. ದೊರೆತದ್ದು ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಲಿಫ್ಟು ಇದೆ ಎಂದರು. ನಾವು ಹೋದ ದಿನ ಅದು ಕೆಟ್ಟಿತ್ತು. ಮಲ್ಲೇಶ್ವರದ ಕಥೆಯೂ ಅಷ್ಟೇ. ಕಾಡು ಮಲ್ಲೇಶ್ವರನಿಗೆ ಕೈ ಮುಗಿದು, ಎಂಟನೆಯ ಅಡ್ಡರಸ್ತೆಯಲ್ಲಿ ಹೂವು ಕೊಂಡು ಹಿಂದಿರುಗಿದೆವು. ಒಂದೇ ಊರಿನಲ್ಲಿ ಎರಡು ಮೈಲಿ ದೂರ ಹೋಗುವುದು ನಮ್ಮಿಂದಾಗದು, ಊರನ್ನೇ ಬಿಟ್ಟರೆ ಆದೀತು ಎಂಬ ವಿಚಿತ್ರ ಸತ್ಯ ಅಂದು ಸ್ಪಷ್ಟವಾಯಿತು.

ನನ್ನ ಒಲವು ಧಾರವಾಡದ ಕಡೆಗೆ. ಮಗಳು ಅಲ್ಲಿ ಕಾಲೇಜಿನಲ್ಲಿ ಅಧ್ಯಾಪಕಿ. 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಬೆಳಗ್ಗೆ ಕುಳಿತು ಮಧ್ಯಾಹ್ನದ ಊಟಕ್ಕೆ ತಲುಪಿದೆವು. ಮುಂಗಾರಿನ ದಿನಗಳು. ಜಿಟಿಜಿಟಿ ಮಳೆಯಲ್ಲಿ ತೊಯ್ದ ಹೆಂಚಿನ ಮನೆಗಳು, ಸಾಧನಕೇರಿಯ ದಂಡೆಯ ಹಸಿರು, ಲೈನ್ ಬಜಾರಿನ ಬೆಚ್ಚನೆಯ ಪೇಡೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಂಗಳದಲ್ಲಿ ಸಂಜೆ ಒಂದು ಉಪನ್ಯಾಸ. ಜನ ಮಳೆಗೆ ಹೆದರದೆ ಬಂದು ಕುಳಿತು, ಮುಗಿದ ಮೇಲೂ ಏಳದೆ ವಾದ ಮಾಡುತ್ತಿದ್ದರು. ಹೊಟ್ಟೆಪಾಡಿಗೆ ಸೊಲ್ಲಾಪುರಕ್ಕೆ ಹೋಗಿದ್ದ ಬೇಂದ್ರೆಯವರು 1956ರಲ್ಲಿ ನಿವೃತ್ತರಾದೊಡನೆ ಈ ಊರಿಗೇ ಮರಳಿ ಬಂದದ್ದು ಆಶ್ಚರ್ಯವಲ್ಲ. ಮೊಮ್ಮಗ ನನ್ನ ಪಂಚೆಯ ಅಂಚು ಹಿಡಿದು, “ಅಜ್ಜಾ, ಇಲ್ಲೇ ಇರ್ರಿ, ಯಾಕ್ ಹೋಗ್ತೀರಿ?” ಎಂದಾಗ ನಾನು ಮನಸ್ಸಿನಲ್ಲಿಯೇ ಮನೆ ಹುಡುಕತೊಡಗಿದ್ದೆ.

ನನ್ನಾಕೆ ರೈಲಿನಲ್ಲಿ ತುಮಕೂರು ಬರುವವರೆಗೂ ಮಾತನಾಡಲಿಲ್ಲ. ಆ ಮೇಲೆ ಮೆಲ್ಲಗೆ, “ಬೇಂದ್ರೆಯವರು ತಮ್ಮ ಊರಿಗೆ ಮರಳಿದರು. ನೀವು ಯಾರ ಊರಿಗೆ ಮರಳುತ್ತೀರಿ?” ಎಂದಳು. ಮಗಳಿಗೆ ನಾಳೆ ಬೇರೆ ಊರಿನಲ್ಲಿ ಕೆಲಸ ದೊರೆತರೆ, ಸುಮಾರು ನಾನ್ನೂರ ಮೂವತ್ತು ಕಿಲೋಮೀಟರ್ ದೂರದಲ್ಲಿ, ಬಂಧುಬಳಗವಿಲ್ಲದೆ, ಕಾಯಿಲೆಯ ಮುದುಕಿಯೊಡನೆ ನಾವಿಬ್ಬರೇ. ನನ್ನ ಕಾಗದದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಉಳಿದದ್ದು ಮೈಸೂರು. ಅದು ಹೆಂಡತಿಯ ತವರು. ಅವಳು ಅದರ ಹೆಸರೆತ್ತಿರಲಿಲ್ಲ, ಅದೇ ನನಗೆ ಅನುಮಾನ. ಬೆಂಗಳೂರಿನವನಿಗೆ ಮೈಸೂರನ್ನು ಕಂಡರೆ ಒಂದು ಬಗೆಯ ಅಸಡ್ಡೆ: ದಸರೆಗೆ ಹೋಗಬೇಕು, ಮೈಸೂರು ಪಾಕು ತಿನ್ನಬೇಕು, ಹಿಂದಿರುಗಬೇಕು. ಪಿಂಚಣಿ ಎಣಿಸುತ್ತ ಮಧ್ಯಾಹ್ನ ಮೂರಕ್ಕೆ ಕಾಫಿ ಕುಡಿದು ನಿದ್ದೆ ಹೋಗುವ ಊರೆಂದು ನಾನೇ ಅವಳನ್ನು ನಲವತ್ತು ವರ್ಷ ಹಾಸ್ಯ ಮಾಡಿದ್ದೆ. ಈಗ ನಾನೇ ಪಿಂಚಣಿದಾರ.

ಭಾವನವರು ಚಾಮರಾಜಪುರದಲ್ಲಿ ಒಂದು ಮನೆ ತೋರಿಸಿದರು. ನೆಲಮಟ್ಟ, ಮುಂದೆ ಎರಡು ತೆಂಗು, ಗೇಟಿನವರೆಗೆ ಕಾರು ಬರುವ ರಸ್ತೆ, ಆಸ್ಪತ್ರೆಗೆ ಹತ್ತು ನಿಮಿಷ, ಪುಟ್ಟದೊಂದು ರೈಲು ನಿಲ್ದಾಣ ನಡಿಗೆಯ ದೂರದಲ್ಲಿ. ಇಲ್ಲಿಯೂ ಪ್ಲೇಗಿನ ಹಾವಳಿಯ ಮೇಲೆ ಊರನ್ನು ಬಿಡಿಸಿ ಹರಡಲು 1903ರಲ್ಲಿ ನಗರಾಭಿವೃದ್ಧಿ ಮಂಡಲಿಯನ್ನು ಸ್ಥಾಪಿಸಿದ್ದರು ಎಂಬುದನ್ನು ನೆನೆದು ನನಗೆ ನಗು ಬಂತು. ಮುತ್ತಜ್ಜ ತಪ್ಪಿಸಿಕೊಂಡದ್ದಕ್ಕೆ ಮರಿಮಗ ಇಲ್ಲಿ ಬಂದು ಸಿಕ್ಕಿಬಿದ್ದಿದ್ದ. ಶಿವಮೊಗ್ಗೆಯ ಮಲೆಗಳನ್ನು ಉಸಿರಿನಷ್ಟು ಪ್ರೀತಿಸಿದ ಕುವೆಂಪು ಕೂಡ ಬಾಳನ್ನು ಕಳೆದದ್ದು ಈ ಮೈಸೂರಿನಲ್ಲಿ, ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ. ಮಲೆನಾಡು ಅವರ ಬರಹಕ್ಕೆ ಬಂತೇ ಹೊರತು ಅವರು ಅಲ್ಲಿಗೆ ವಾಸಕ್ಕೆ ಹೋಗಲಿಲ್ಲ. ಇಂಥ ಸಮಾಧಾನಗಳನ್ನೆಲ್ಲ ಹೇಳಿಕೊಂಡರೂ ನನ್ನ ಮನಸ್ಸು ಒಪ್ಪಲಿಲ್ಲ. ನಿಜವಾದ ಕಾರಣವನ್ನು ನಾನು ಅಮ್ಮನ ತಲೆಗೆ ಕಟ್ಟಿದೆ: ಅರವತ್ತೊಂಬತ್ತು ವರ್ಷ ಬಾಳಿದ ಮನೆಯನ್ನು ಬಿಡಲು ಅವರಿಗೆ ಎದೆ ಒಡೆದೀತು, ಅವರನ್ನು ಹೇಗೆ ಕೇಳುವುದು?

ಕೇಳಿದ್ದು ನನ್ನಾಕೆ. ಒಂದು ಸಂಜೆ ಹೂವು ಕಟ್ಟುತ್ತ ಕುಳಿತಿದ್ದ ಅಮ್ಮನ ಮುಂದೆ ಬಸವನಗುಡಿ, ಧಾರವಾಡ, ಮೈಸೂರು ಎಲ್ಲವನ್ನೂ ಹರಡಿದಳು. ಅಮ್ಮ ನನ್ನತ್ತ ತಿರುಗಿ, “ಏನೋ, ಏಳು ತಿಂಗಳಿಂದ ಇದಕ್ಕೇ ಸೊರಗುತ್ತಿದ್ದೀಯಾ?” ಎಂದರು.

“ನೀನು ಹೇಗಮ್ಮ ಬಿಟ್ಟಿರುತ್ತೀಯೆ ಅಂತ...”

“ಹದಿನೇಳು ವರ್ಷಕ್ಕೆ ಮಾಲೂರಿನಿಂದ ಒಂದು ಟ್ರಂಕು ಹಿಡಿದುಕೊಂಡು ಬಂದೆ. ಯಾವ ಊರು ಬೇಕಮ್ಮಾ ಅಂತ ನನ್ನನ್ನು ಯಾರು ಕೇಳಿದ್ದರು? ಬಂದ ವರ್ಷ ಈ ಗಲ್ಲಿಯಲ್ಲಿ ಆಕಾಶವೇ ಕಾಣಿಸುವುದಿಲ್ಲವಲ್ಲ ಅಂತ ಹಿತ್ತಲಲ್ಲಿ ಅಳುತ್ತಿದ್ದೆ. ನಿಮ್ಮಪ್ಪನಿಗೂ ಗೊತ್ತಿಲ್ಲ.” ದಾರವನ್ನು ಹಲ್ಲಿನಿಂದ ಕತ್ತರಿಸಿದರು. “ಆ ಮೈಸೂರಿನ ಮನೆಯಲ್ಲಿ ತುಳಸಿಗೆ ಬಿಸಿಲು ಬೀಳುತ್ತದೆಯೇ?”

ಬೀಳುತ್ತದೆಂದು ನನ್ನಾಕೆ ಹೇಳಿದಳು.

“ಸರಿ ಹಾಗಾದರೆ.”

ಅಭಿಮಾನವೆಂದು ನಾನು ಬರೆದ ಪಟ್ಟಿಯಲ್ಲಿ ಅಮ್ಮನದು ಒಂದೂ ಇರಲಿಲ್ಲ ಎಂಬುದು ಅಂದು ತಿಳಿಯಿತು. ನನ್ನಾಕೆಯದು ಇತ್ತೇ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಲಾರಿ ಗಲ್ಲಿಗೆ ಬರುವಂತಿರಲಿಲ್ಲ. ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ ಹಮಾಲಿಗಳು ಸಾಮಾನುಗಳನ್ನು ತಲೆಯ ಮೇಲೆ ಹೊತ್ತು ದೊಡ್ಡ ರಸ್ತೆಗೆ ಸಾಗಿಸಿದರು. ಅಮ್ಮ ಅದೇ ಮರದ ಕುರ್ಚಿಯಲ್ಲಿ ಕುಳಿತು, ಒಂದೊಂದನ್ನೂ ಎಣಿಸಿದರು. ಒರಳುಕಲ್ಲನ್ನು ಬಿಟ್ಟು ಬಂದೆವು. ಅದು ನೆಲದಲ್ಲಿ ಹೂತಿತ್ತು.

ಚಾಮರಾಜಪುರದಲ್ಲಿ ಈಗ ಅಮ್ಮ ಬೆಳಗ್ಗೆ ಗೇಟಿನವರೆಗೆ ನಡೆಯುತ್ತಾರೆ. ರೈಲು ಕೂಗಿದರೆ ಇದು ನಂಜನಗೂಡಿನ ಕಡೆಯದೇ ಎಂದು ಕೇಳುತ್ತಾರೆ. ನಾನು ಚೈತ್ರದಲ್ಲಿ ಕರಗಕ್ಕೆಂದು ಒಬ್ಬನೇ ಬೆಂಗಳೂರಿಗೆ ಹೋಗಿದ್ದೆ. ಮರುದಿನ, ಭಾವನವರ ಮಗಳ ಮದುವೆಗೆ ಸೀರೆ ತರಬೇಕೆಂದು ಹೆಂಡತಿ ಹೇಳಿದ್ದರಿಂದ, ನಮ್ಮ ಹಳೆಯ ಗೋಡೆಗೆ ಒತ್ತಿಕೊಂಡಿದ್ದ ಅಂಗಡಿಗೇ ಹೋದೆ. ಎಷ್ಟು ವರ್ಷ ಅದರ ಹಿಂದೆಯೇ ಇದ್ದರೂ ನಾನು ಒಳಗೆ ಕಾಲಿಟ್ಟವನಲ್ಲ. ಹೊಸದಾಗಿ ಸೇರಿದ ಹುಡುಗ ಮೆತ್ತೆ ತೋರಿಸಿ, ನೀರು ಕೊಟ್ಟು, ವಿನಯದಿಂದ ಕೇಳಿದ:

“ಯಾವ ಊರಿನಿಂದ ಬಂದಿರಿ ಸಾರ್?”

“ಮೈಸೂರು” ಎಂದೆ. ಅವನು ಸೀರೆ ಬಿಚ್ಚತೊಡಗಿದ.