ಪೀಸಿಗೆಷ್ಟು?

ಬಳ್ಳಾರಿಯಲ್ಲಿರೋ ನಮ್ಮ ಚಿಕ್ಕಮ್ಮನಿಗೆ ಸಂಬಳ ಎಷ್ಟು ಅಂತ ಕೇಳಿದರೆ ಉತ್ತರ ಸಿಗಲ್ಲ. ‘ಪೀಸಿಗೆಷ್ಟು’ ಅಂತ ಕೇಳಬೇಕು. ಕಟಿಂಗ್ ಆದ ಜೀನ್ಸ್ ಬಟ್ಟೆ ಬಂಡಲ್ ಕಟ್ಟಿ ಮನೆಗೇ ಬರುತ್ತೆ. ಒಬ್ಬರು ಜೇಬು, ಒಬ್ಬರು ಜಿಪ್ಪು, ಇನ್ನೊಬ್ಬರು ಬೆಲ್ಟಿನ ಲೂಪು. ಉಳಿದ ದಾರ ಕತ್ತರಿಸೋದಕ್ಕೂ ಬೇರೆ ರೇಟು. ಇಡೀ ಪ್ಯಾಂಟು ಯಾರೊಬ್ಬರ ಕೈಯಲ್ಲೂ ಪೂರ್ತಿ ಆಗಲ್ಲ. ಆದರೂ ಎಲ್ಲರ ಲೆಕ್ಕದ ಪುಸ್ತಕದಲ್ಲೂ ಅದು ‘ಒಂದು ಪೀಸ್’.

ಇಂಗ್ಲಿಷಿನಲ್ಲಿ ತುಂಡು ಅನ್ನೋ ಅರ್ಥದ ಈ ಪದ ನಮ್ಮ ಕಡೆ ಮಾಡದ ಕೆಲಸ ಇಲ್ಲ. ಸಿರುಗುಪ್ಪದ ಅತ್ತೆ ಮನೆಗೆ ಹೋದರೆ ಅರಿಶಿನ ಕುಂಕುಮದ ಜೊತೆ ಬ್ಲೌಸ್ ಪೀಸ್ ಕೊಡದೆ ಕಳಿಸಲ್ಲ. (ಅದು ಹೊಲಿಸೋಕಲ್ಲ, ಮುಂದಿನ ಮನೆಗೆ ದಾಟಿಸೋಕೆ ಅನ್ನೋದು ನಿಮಗೂ ಗೊತ್ತು.) ಬಿರಿಯಾನಿ ಬಡಿಸುವವನಿಗೆ ಮಾವ ಹೇಳೋದು ಒಂದೇ ಮಾತು: “ಬರೇ ಅನ್ನ ಬ್ಯಾಡಪಾ, ಪೀಸ್ ಹಾಕು.” ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ ಆ ಭಾರಿ ನಂದಿ ನೋಡಿದ ಗೆಳತಿ, “ಇದು ಸಿಂಗಲ್ ಪೀಸ್ ಕಲ್ಲಾ?” ಅಂದಳು. ಏಕಶಿಲೆ ಅಂತ ಶಾಲೆಯಲ್ಲಿ ಇಬ್ಬರೂ ಓದಿದ್ದೆವು. ಬಾಯಿಗೆ ಬಂದದ್ದು ಇದು. ಹಬ್ಬಕ್ಕೆ ಮುಂಚೆ ನಡೆಯೋ ಶಾಂತಿ ಸಭೆಯೂ ಪೀಸ್ ಮೀಟಿಂಗೇ, ಜಗಳದಲ್ಲಿ ಅನ್ನೋದೂ ‘ಪೀಸ್ ಪೀಸ್ ಮಾಡ್ತೀನಿ’. ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ, ಕನ್ನಡದಲ್ಲಿ ಬರೆದರೆ ಒಂದೇ. ಚಿಕ್ಕಮ್ಮನ ಬಾಯಲ್ಲಿ ಫ್ಯೂಸ್ ಕೂಡ ಪೀಸೇ. “ಪೀಸ್ ಹೋದ ದಿನ ಪೀಸೂ ಇಲ್ಲ” ಅಂತಾಳೆ. ಕರೆಂಟಿಲ್ಲದೆ ಮಷೀನ್ ಓಡಲ್ಲವಲ್ಲ.

ಇನ್ನೊಂದು ಅರ್ಥ ಐತಿ. ರಾಯಲ್ ಸರ್ಕಲ್ ಹತ್ತಿರ ಆಟೋಕ್ಕೆ ಕಾಯ್ತಿದ್ವಿ. ಬೈಕ್ ಮೇಲಿದ್ದ ಹುಡುಗ ನನ್ನ ಕಡೆ ನೋಡಿ ಪಕ್ಕದವನಿಗೆ, “ಏನ್ ಪೀಸ್ ಮಗಾ” ಅಂದ. ನಾನು ಇಂಥದ್ದಕ್ಕೆಲ್ಲ ಫೋನ್ ನೋಡ್ತಾ ನಿಲ್ಲೋಳು. ಚಿಕ್ಕಮ್ಮ ಸೀದಾ ಅವನ ಮುಂದೆ ಹೋಗಿ ನಿಂತಳು. “ತಮ್ಮಾ, ಪೀಸ್ ಅಂದ್ರ ನೀ ಹಾಕ್ಕೊಂಡಿರೋದು. ಹಿಂದಿನ ಲೂಪ್ ಕಿತ್ತೈತಿ, ಹೊಲಿಸ್ಕೋ.” ಅವನ ಗೆಳೆಯನೇ ಮೊದಲು ನಕ್ಕ. ಗಾಡಿ ಹೊರಟೇಹೋಯ್ತು.

ಪೀಸ್ ಲೆಕ್ಕಕ್ಕೆ ದುಡಿಯುವವರನ್ನು ಕಾನೂನು ಮರೆತಿರಲಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಅವರ ಮಾತಿತ್ತು. ಓದಿ ಹೇಳಿದೆ. “ಕಾಯ್ದೆ ಬಂದು ಬಂಡಲ್ ಕೊಡ್ತೈತೇನು?” ಅಂದಳು. ಜಾಸ್ತಿ ಕೇಳಿದರೆ ಮುಂದಿನ ವಾರದ ಬಂಡಲ್ ಪಕ್ಕದ ಓಣಿಗೆ ಹೋಗುತ್ತೆ ಅನ್ನೋದು ಅವಳ ಭಯ. ಸುಳ್ಳು ಭಯ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಹೋದ ಶನಿವಾರ ಬಟವಾಡೆಯಲ್ಲಿ ಹನ್ನೆರಡು ಪೀಸ್ ರಿಜೆಕ್ಟ್ ಅಂತ ದುಡ್ಡು ಹಿಡಿದರು. ಈ ಸಲ ಅವಳು ಪುಸ್ತಕದ ಜೊತೆ ಮಸೂರ ಗಾಜನ್ನೂ ತಗೊಂಡು ಹೋಗಿದ್ದಳು. ಒಂದೊಂದೇ ಹೊಲಿಗೆ ತೋರಿಸಿ ಏಳಕ್ಕೆ ದುಡ್ಡು ಬಿಡಿಸಿಕೊಂಡಳು. ಉಳಿದ ಐದನ್ನು ಬಿಚ್ಚಿ, ರಾತ್ರಿ ಕೂತು ಮತ್ತೆ ಹೊಲಿದಳು. ಸೋಮವಾರ ಒಯ್ದು ಕೊಟ್ಟಾಳಂತೆ.