ಎರಡು ಪಾತ್ರೆ ಲಿನ್ಸೆನ್‌ಸುಪ್ಪೆ

ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಹಂದಿಮಾಂಸ ಬೇಯಿಸಬಾರದು ಅಂತ ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ನಾವೇ ನಿಯಮ ಮಾಡಿಕೊಂಡಿದ್ವಿ. ನಾಲ್ವರಲ್ಲಿ ಮೂವರು ಒಪ್ಪಿದ್ದು, ಕೊಡಗಿನವನು ಸುಮ್ಮನಾಗಿದ್ದು. ಅವನು ತಟ್ಟೆ ಹಿಡಿದು ರೂಮಿಗೆ ಹೋಗಿ ಉಣ್ಣತೊಡಗಿದಾಗಲೂ ನಮಗೆ ಹೊಳೀಲಿಲ್ಲ.

ಜನವರಿಯ ಒಂದು ಭಾನುವಾರ, ಹೊರಗೆ ಮೈನಸ್ 8 ಇದ್ದಾಗ, ಪಕ್ಕದ ರೂಮಿನ ಜರ್ಮನ್ ಹುಡುಗಿ ಲಿನ್ಸೆನ್‌ಸುಪ್ಪೆ ಕಲಿಸೋಕೆ ಬಂದಳು. ಅರ್ಧ ಕಿಲೋ ಇಡೀ ಕಂದು ಮಸೂರ, ನೆನೆಸೋದು ಬೇಡ. ಈರುಳ್ಳಿ, ಕ್ಯಾರೆಟ್, ಲೀಕ್, ಸೆಲರಿ ಗಡ್ಡೆ, ಆಲೂಗಡ್ಡೆ. ಸುಮಾರು 40 ನಿಮಿಷ. ಆಮೇಲೆ ಹೊಗೆ ಹಿಡಿಸಿದ ಕಾಸ್ಲರ್ ಮಾಂಸ ಎತ್ತಿಕೊಂಡಳು. ನಾವು ಅವನ ಮುಖ ನೋಡಿದ್ವಿ. ನಿಯಮ ಹೇಳೋಕೆ ನಮಗೇ ನಾಚಿಕೆ ಆಯ್ತು.

ಅರ್ಧ ಬೆಂದ ಕಾಳನ್ನು ಎರಡು ಪಾತ್ರೆ ಮಾಡಿದ್ವಿ. ದೊಡ್ಡದಕ್ಕೆ ಕಾಸ್ಲರ್, ಚಿಕ್ಕದು ಹಾಗೇ. ಮಾಂಸವೇ ಉಪ್ಪುಪ್ಪು, ಹಾಗಾಗಿ ದೊಡ್ಡ ಪಾತ್ರೆಗೆ ಉಪ್ಪು ರುಚಿ ನೋಡಿ ಕೊನೆಗೆ. ಹುಳಿಯೂ ಕೊನೆಗೇ, ಮೊದಲೇ ಬಿದ್ರೆ ಕಾಳು ಮೆತ್ತಗಾಗಲ್ಲ. ಇಲ್ಲಿಯವರು ವಿನೆಗರ್ ಹಾಕ್ತಾರೆ. ಹುಳಿ ಅಂದದ್ದೇ ತಡ, ಅವನು ಓಡಿಹೋಗಿ ಊರಿಂದ ತಂದಿದ್ದ ಕಾಚಂಪುಳಿ ಬಾಟಲಿ ತಂದ. ಆ ಕಪ್ಪು ಹುಳಿ ಎರಡೂ ಪಾತ್ರೆಗೆ ಬಿತ್ತು.

ಆ ರಾತ್ರಿ ಎಲ್ಲರೂ ಒಂದೇ ಮೇಜಿಗೆ ಕೂತ್ವಿ. ನಮ್ಮ ಮೂವರಲ್ಲಿ ಒಬ್ಬರು ದೊಡ್ಡ ಪಾತ್ರೆಗೇ ಸೌಟು ಹಾಕಿದ್ರು. ಯಾರು ಅಂತ ಬರೆಯಲ್ಲ, ಈ ಪುಸ್ತಿಕೆ ಮನೇಲೂ ಓದ್ತಾರೆ.